6174: ದೇವಲಾಲಿಯ ಮೇಷ್ಟ್ರಿಗೆ ಸಿಕ್ಕ ಮಾಯಾಸಂಖ್ಯೆ

ನಾಲ್ಕು ಅಂಕಿಗಳ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ. ಎಲ್ಲ ಅಂಕಿಗಳೂ ಒಂದೇ ಆಗಿರಬಾರದು, ಅಷ್ಟೇ. ಅವೇ ಅಂಕಿಗಳಿಂದ ಆಗುವ ಅತಿ ದೊಡ್ಡ ಸಂಖ್ಯೆಯಿಂದ ಅತಿ ಚಿಕ್ಕದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತಾ ಹೋಗಿ. ಉತ್ತರ ಮೂರಂಕಿಗೆ ಇಳಿದರೆ ಮುಂದೆ ಸೊನ್ನೆ ಸೇರಿಸಿಕೊಳ್ಳಿ. ಹೆಚ್ಚೆಂದರೆ ಏಳು ಹಂತಗಳಲ್ಲಿ 6174 ಬಂದು ನಿಲ್ಲುತ್ತದೆ. ಆಮೇಲೆ ಎಷ್ಟು ಸಲ ಕಳೆದರೂ ಅದು ಬದಲಾಗುವುದಿಲ್ಲ, ಏಕೆಂದರೆ 7641ರಲ್ಲಿ 1467 ಕಳೆದರೆ ಉಳಿಯುವುದು 6174.

ಈ ಗುಟ್ಟನ್ನು ಕಂಡುಹಿಡಿದವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1905ರ ಜನವರಿ 17ರಂದು ಮುಂಬೈಗೆ ಉತ್ತರದ ಡಹಾಣುವಿನಲ್ಲಿ ಹುಟ್ಟಿದ ಅವರು ಎಂಟನೇ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡರು. ಗುಮಾಸ್ತರಾಗಿದ್ದ ತಂದೆಗೆ ಜ್ಯೋತಿಷ್ಯದ ಹುಚ್ಚು. ಮಗನಿಗೆ ಲೆಕ್ಕದ ರುಚಿ ಹತ್ತಿದ್ದು ಅಲ್ಲಿಂದಲೇ. ಠಾಣೆಯಲ್ಲಿ ಶಾಲೆ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಮುಂದಿನ ಓದು. 1927ರಲ್ಲಿ ಸ್ವಂತ ಗಣಿತ ಕೆಲಸಕ್ಕಾಗಿ ರ‍್ಯಾಂಗ್ಲರ್ ಪರಾಂಜಪೆ ಬಹುಮಾನ ಬಂತು. 1929ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಪದವಿ ಪಡೆದರು. ಅದಕ್ಕಿಂತ ಹೆಚ್ಚಿನ ಓದು ಅವರದ್ದಾಗಲಿಲ್ಲ. 1930ರಿಂದ 1962ರಲ್ಲಿ ನಿವೃತ್ತರಾಗುವವರೆಗೆ ನಾಸಿಕ್ ಬಳಿಯ ದೇವಲಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದರು.

ಪಾಠ ಮುಗಿದ ಮೇಲೆ ಸಂಖ್ಯೆಗಳೇ ಅವರ ಸಂಗಾತಿಗಳು. 297ರ ವರ್ಗ 88209. ಅದನ್ನು 88, 209 ಎಂದು ಒಡೆದು ಕೂಡಿದರೆ ಮತ್ತೆ 297. ಇಂಥವು ಇಂದು ಕಾಪ್ರೇಕರ್ ಸಂಖ್ಯೆಗಳು. 121, 12321ರಂಥವನ್ನು ಒಳಗೊಂಡ ಗುಂಪಿಗೆ ಅವರು ಡೆಮ್ಲೊ ಎಂದು ಹೆಸರಿಟ್ಟರು. ಮುಂಬೈ ಲೋಕಲ್ ಹತ್ತುವವರಿಗೆಲ್ಲ ಗೊತ್ತಿರುವ ಡೊಂಬಿವಲಿ ನಿಲ್ದಾಣದ ಹಳೆಯ ಹೆಸರಿನ ನೆನಪು ಅದು. ತನ್ನ ಅಂಕಿಗಳ ಮೊತ್ತದಿಂದಲೇ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ ಹರ್ಷದ, ಅಂದರೆ ಸಂತೋಷ ಕೊಡುವಂಥದ್ದು, ಎಂದು ಕರೆದರು. 6174 ಕೂಡ ಹರ್ಷದವೇ: ಅಂಕಿಗಳ ಮೊತ್ತ 18, ಭಾಗಿಸಿದರೆ 343. ಅದು 7ರ ಘನ.

1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಅವರು 6174ರ ವಿಷಯ ಮಂಡಿಸಿದರು. ಆದರೆ ದೇಶದ ಅನೇಕ ಗಣಿತಜ್ಞರ ಕಣ್ಣಿಗೆ ಇದೆಲ್ಲ ಮಕ್ಕಳಾಟ. ದೊಡ್ಡ ಪತ್ರಿಕೆಗಳು ಕೈಗೆಟುಕದಿದ್ದಾಗ ಬರೆದದ್ದನ್ನು ತಾವೇ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿದರು. ನಿವೃತ್ತಿಯ ಬಳಿಕ ಪಿಂಚಣಿ ಸಾಲದೆ ಮನೆಪಾಠ ಹೇಳಬೇಕಾಯಿತು. 1966ರಲ್ಲಿ ಪತ್ನಿಯೂ ತೀರಿಕೊಂಡರು. ಲೆಕ್ಕ ಮಾತ್ರ ನಿಲ್ಲಲಿಲ್ಲ.

1975ರ ಮಾರ್ಚ್‌ನಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಅಂಕಣದಲ್ಲಿ ಕಾಪ್ರೇಕರ್ ಬಗ್ಗೆ ಬರೆದರು. ಎಪ್ಪತ್ತರ ಹರೆಯದ ಮೇಷ್ಟ್ರ ಹೆಸರು ಲೋಕಕ್ಕೆಲ್ಲ ತಿಳಿಯಿತು. 1986ರಲ್ಲಿ ಅವರು ದೇವಲಾಲಿಯಲ್ಲೇ ಕೊನೆಯುಸಿರೆಳೆದರು.

ಅವರ ಹುಟ್ಟಿದ ವರ್ಷಕ್ಕೂ ತೀರಿಕೊಂಡ ವರ್ಷಕ್ಕೂ ಅವರದೇ ಲೆಕ್ಕ ಹಾಕಿ ನೋಡಬಹುದು. 1905 ಎರಡು ಹಂತಗಳಲ್ಲಿ, 1986 ಒಂದೇ ಹಂತದಲ್ಲಿ 8172ಕ್ಕೆ ಬಂದು ಸೇರುತ್ತವೆ. ಅಲ್ಲಿಂದ ಎರಡರದ್ದೂ ಒಂದೇ ದಾರಿ: 7443, 3996, 6264, 4176, ಕೊನೆಗೆ 6174.