ಒಸಾಮು ತೆಜುಕಾ: ಹುಳದ ಹೆಸರಿನ ಡಾಕ್ಟರ್, ಕತ್ತಿ ಹಿಡಿದ ರಾಜಕುಮಾರಿ

ಕಾರ್ಟೂನ್ ಅಂದ್ರ ಸಣ್ಣ ಹುಡುಗರದು ಅಂತ ಹಗಲೊತ್ತು ಹೇಳುವ ನಮ್ಮ ಮಂದಿನೇ ರಾತ್ರಿ ಹಾಸ್ಟೆಲ್‌ನಾಗ ಹೆಡ್‌ಫೋನ್ ಹಾಕ್ಕೊಂಡು ಆನಿಮೆ ನೋಡ್ತಾರ. ಅದರಲ್ಲಿ 'ಮಾಂತ್ರಿಕ ಹುಡುಗಿ'ಯ ಕಥೆಗಳದ್ದೇ ಒಂದು ದೊಡ್ಡ ಜಾತಿ. ಶಾಲೆಗೆ ಹೋಗುವ ಸಾಮಾನ್ಯ ಹುಡುಗಿಯೊಬ್ಬಳು ಕ್ಷಣದಲ್ಲಿ ರೂಪ ಬದಲಿಸಿ ಜಗತ್ತನ್ನೇ ಕಾಯುತ್ತಾಳೆ. 1992ರಲ್ಲಿ ಟಿ.ವಿ.ಗೆ ಬಂದ ಸೇಲರ್ ಮೂನ್ ಗೊತ್ತಲ್ಲ, ಅಂಥವು. ಇವುಗಳ ಬೇರು ಹುಡುಕುತ್ತ ಹೋದರೆ ಸಿಗುವುದು ಒಬ್ಬ ಡಾಕ್ಟರ್. ಹೆಸರು ಒಸಾಮು ತೆಜುಕಾ.

1928ರ ನವೆಂಬರ್ 3ರಂದು ಒಸಾಕಾ ಪಕ್ಕದ ತೊಯೊನಾಕಾದಲ್ಲಿ ಹುಟ್ಟಿದ ತೆಜುಕಾ ಬೆಳೆದದ್ದು ತಕರಾಜುಕಾ ಎಂಬ ಊರಲ್ಲಿ. ತಂದೆ ಮನೆಯಲ್ಲೇ ಪ್ರೊಜೆಕ್ಟರ್ ಇಟ್ಟು ಚಾಪ್ಲಿನ್, ಡಿಸ್ನಿ ಚಿತ್ರ ತೋರಿಸುತ್ತಿದ್ದರು. ತಾಯಿ ಆ ಊರಿನ ಪ್ರಸಿದ್ಧ ನಾಟಕ ಮಂಡಳಿಗೆ ಕರೆದೊಯ್ಯುತ್ತಿದ್ದರು. ನಮ್ಮ ಕಡೆ ಹಳೇ ಕಂಪನಿ ನಾಟಕದಾಗ ಗಂಡಸರು ಸೀರಿ ಉಟ್ಟು ಹೆಣ್ಣಿನ ಪಾರ್ಟು ಮಾಡ್ತಿದ್ರಲ್ಲ, ಅಲ್ಲಿ ಪೂರಾ ಉಲ್ಟಾ: ರಾಜನೂ ಹೆಂಗಸೇ, ಸಿಪಾಯಿಯೂ ಹೆಂಗಸೇ. ಹುಡುಗನ ಇನ್ನೊಂದು ಹುಚ್ಚು ಹುಳ ಹಿಡಿಯುವುದು. 'ಒಸಾಮುಶಿ' ಎಂಬ ಜೀರುಂಡೆ ನೆನಪಿಗೆ ತನ್ನ ಹೆಸರಿಗೇ ಹುಳದ ಅಕ್ಷರ ಸೇರಿಸಿಕೊಂಡ.

ಯುದ್ಧಕಾಲದಲ್ಲಿ ಕಾರ್ಖಾನೆ ಕೆಲಸಕ್ಕೆ ಹೋಗಬೇಕಾಯಿತು. 1945ರಲ್ಲಿ ಒಸಾಕಾದ ಮೇಲೆ ಬಾಂಬು ಸುರಿದಾಗ ಬದುಕಿ ಉಳಿದದ್ದೇ ಪುಣ್ಯ. ಅದೇ ವರ್ಷ ವೈದ್ಯಕೀಯ ಓದಲು ಸೇರಿದರು. ಓದುತ್ತಲೇ ಕಾಮಿಕ್ಸ್ ಬರೆದರು. 1947ರ 'ಹೊಸ ನಿಧಿ ದ್ವೀಪ' ದೇಶದ ತುಂಬ ಓಡಿತು. ಡಾಕ್ಟರಾದರೂ ಕೈಯಲ್ಲಿ ಉಳಿದದ್ದು ಪೆನ್ನು. 1961ರಲ್ಲಿ ಡಾಕ್ಟರೇಟ್ ಕೂಡ ಪಡೆದರು, ಆದರೆ ದವಾಖಾನೆ ತೆರೆಯಲಿಲ್ಲ.

1953ರಲ್ಲಿ ಹುಡುಗಿಯರ ಪತ್ರಿಕೆಯೊಂದಕ್ಕೆ 'ರಿಬ್ಬನ್ನಿನ ವೀರ' ಎಂಬ ಧಾರಾವಾಹಿ ಶುರು ಮಾಡಿದರು. ದೇವಲೋಕದ ತುಂಟ ಗಂಧರ್ವನೊಬ್ಬನ ಚೇಷ್ಟೆಯಿಂದ ರಾಜಕುಮಾರಿ ಸಫೈರ್‌ಗೆ ಎರಡು ಹೃದಯ: ಒಂದು ಹುಡುಗಂದು, ಒಂದು ಹುಡುಗಿದು. ಆ ರಾಜ್ಯದಾಗ ಗಂಡುಮಗನಿಗೆ ಮಾತ್ರ ಪಟ್ಟ. ಹಂಗಾಗಿ ಆಕೆ ಗಂಡುವೇಷದಲ್ಲೇ ಬೆಳೆದು ಕತ್ತಿ ಹಿಡಿಯುತ್ತಾಳೆ. ಎಂಜಿನಿಯರಿಂಗ್‌ನವರು ಖಳರ ಹೆಸರು ಕೇಳ್ರಿ: ಡ್ಯುರಾಲುಮಿನ್, ನೈಲಾನ್; ಡ್ಯುರಾಲುಮಿನ್ ಮಗ ಪ್ಲಾಸ್ಟಿಕ್! ಸಫೈರ್ ಅಂದ್ರ ನೀಲಮಣಿ, ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಡ್ಯುರಾಲುಮಿನ್ ಅಲ್ಯುಮಿನಿಯಂ ಮಿಶ್ರಲೋಹ. ಹೀರೋಯಿನ್ನೂ ವಿಲನ್ನೂ ಒಂದೇ ಧಾತುವಿನವರು!

ಕತ್ತಿ ಹಿಡಿದ ಹೆಣ್ಣು ವಿಜಯಪುರದವರಿಗೆ ಹೊಸತಲ್ಲ. ನಮ್ಮ ಚಾಂದ್ ಬಾವಡಿಗೆ ಹೆಸರು ಬಂದದ್ದೇ ಅಹ್ಮದ್‌ನಗರದ ಕೋಟೆಯಲ್ಲಿ ಮೊಘಲರಿಗೆ ಎದುರು ನಿಂತ ಚಾಂದ್ ಬೀಬಿಯಿಂದ. ಪಟ್ಟ ಗಂಡಿಗೆ ಮಾತ್ರ ಎಂಬುದೂ ಹೊಸತಲ್ಲ. ತಿಕೋಟಾದ ದ್ರಾಕ್ಷಿ ತೋಟವಿರಲಿ, ಬಬಲೇಶ್ವರದ ಜೋಳದ ಹೊಲವಿರಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ದೇಶದ ತುಂಬ ತಿದ್ದುಪಡಿ ಬಂದದ್ದು 2005ರಲ್ಲಿ. ಆದರೂ ಅಣ್ಣನ ಹೆಸರಿಗೆ ಸಹಿ ಹಾಕಿಕೊಡುವ ಅಕ್ಕತಂಗೇರು ಇವತ್ತಿಗೂ ಎಷ್ಟು ಮಂದಿ ಇದ್ದಾರ, ನಿಮ್ಮ ಮನ್ಯಾಗ ಕೇಳಿ ನೋಡ್ರಿ.

ಸಫೈರ್ ಕಥೆಯಲ್ಲಿ ಒಂದು ಕೊರತೆ ಐತಿ. ಆಕೆಯ ಶೌರ್ಯವೆಲ್ಲ ಗಂಡು ಹೃದಯದ ಲೆಕ್ಕಕ್ಕೇ ಹೋಗುತ್ತದೆ. ಮುಂದಿನವರು ದಾರಿ ಬದಲಿಸಿದರು. ಮಿತ್ಸುತೆರು ಯೊಕೊಯಾಮಾ ಅವರ ಮಾಟಗಾತಿ ಸ್ಯಾಲಿ 1966ರಲ್ಲಿ ಟಿ.ವಿ.ಗೆ ಬಂದಳು, ಮೊದಲ ಮಾಂತ್ರಿಕ ಹುಡುಗಿ ಆನಿಮೆ ಎಂದು ಅದನ್ನೇ ಎಣಿಸುತ್ತಾರೆ. ಅವಳಿಗೆ ಗಂಡುವೇಷ ಬೇಕಾಗಲಿಲ್ಲ. ತೆಜುಕಾ ಕೂಡ 1971ರಲ್ಲಿ ಮೆಲ್ಮೋಳನ್ನು ಟಿ.ವಿ.ಗೆ ತಂದರು. ಅಪಘಾತದಲ್ಲಿ ತೀರಿಹೋದ ತಾಯಿ ಸ್ವರ್ಗದಿಂದ ಮಗಳಿಗೆ ಮಿಠಾಯಿ ಕೊಡಿಸುತ್ತಾಳೆ. ನೀಲಿ ತಿಂದರೆ ಹತ್ತು ವರ್ಷ ದೊಡ್ಡವಳು, ಕೆಂಪು ತಿಂದರೆ ಹತ್ತು ವರ್ಷ ಸಣ್ಣವಳು. ಅದರಿಂದಲೇ ತಮ್ಮಂದಿರನ್ನು ಸಾಕುತ್ತಾಳೆ. ಹುಳು ಚಿಟ್ಟೆಯಾಗುವ ರೂಪಾಂತರದ ಪದದಿಂದಲೇ ಅವಳ ಹೆಸರು. ಮಕ್ಕಳಿಗೆ ದೇಹದ ಬೆಳವಣಿಗೆ ತಿಳಿಸುವುದೂ ಉದ್ದೇಶವಾಗಿತ್ತು. ಹುಳದ ಹುಚ್ಚು, ಡಾಕ್ಟರಿಕೆ ಎರಡೂ ಅಲ್ಲಿ ಕೂಡಿದವು.

ಅವರನ್ನು ದೇವರು ಮಾಡುವುದೂ ಬ್ಯಾಡ. 1963ರಲ್ಲಿ ಆಸ್ಟ್ರೋ ಬಾಯ್‌ನ್ನು ವಾರಕ್ಕೊಂದು ಕಂತಿನಂತೆ ಟಿ.ವಿ.ಗೆ ಕೊಟ್ಟಾಗ ಚಿತ್ರಗಳ ಸಂಖ್ಯೆ ಕಡಿಮೆ ಮಾಡಿ, ಖರ್ಚಿಗಿಂತ ಕಡಿಮೆ ಬೆಲೆಗೆ ಒಪ್ಪಿಕೊಂಡರು. ಆನಿಮೆ ಕೆಲಸಗಾರರ ಕಡಿಮೆ ಪಗಾರಕ್ಕೆ ಆ ಒಪ್ಪಂದವೇ ದಾರಿ ಹಾಕಿತು ಎಂಬ ದೂರು ಇಂದಿಗೂ ಇದೆ. ಅವರು ಕಟ್ಟಿದ ಮುಶಿ ಪ್ರೊಡಕ್ಷನ್ 1973ರಲ್ಲಿ ದಿವಾಳಿಯಾಯಿತು. ಆದರೂ ಕೂಡಲಿಲ್ಲ. ಆಗಲೇ ಶುರುವಾಗಿದ್ದ 'ಬುದ್ಧ'ನ ಕಥೆಯನ್ನು 1983ರವರೆಗೆ ಬರೆದು ಮುಗಿಸಿದರು.

1989ರ ಫೆಬ್ರವರಿ 9ರಂದು ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ ಅರವತ್ತು. ಆಸ್ಪತ್ರೆ ಹಾಸಿಗೆಯಲ್ಲೂ ಚಿತ್ರ ಬರೆಯುತ್ತಲೇ ಇದ್ದರು. ಮೂರು ಕಥೆ ಅರ್ಧಕ್ಕೇ ನಿಂತವು. ತಕರಾಜುಕಾದಲ್ಲಿ 1994ರಿಂದ ಅವರ ಹೆಸರಿನ ಮ್ಯೂಸಿಯಂ ಇದೆ. ಸಫೈರ್‌ಗೆ ಬೇಕಾಗಿದ್ದ ಆ ಎರಡನೇ ಹೃದಯ ಇವತ್ತಿನ ಮಾಂತ್ರಿಕ ಹುಡುಗಿಯರಿಗೆ ಬೇಕಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಲೇಥ್ ಮುಂದ ನಿಂತ ಹುಡುಗಿಯರಿಗಂತೂ ಮೊದಲಿಂದಲೂ ಬೇಕಿರಲಿಲ್ಲ, ಏನಂತೀರಿ?