ಮಕಸ್ಸರ್‌ನ ರಾಮಾಂಗ್

ಇಂಡೋನೇಷ್ಯಾ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಾಲಿ ದ್ವೀಪ, ಇಲ್ಲವೇ 2004ರ ಸುನಾಮಿ. ಆ ದೇಶದ ಜನರಿಗಿರುವ ಫುಟ್ಬಾಲ್ ಹುಚ್ಚಿನ ಬಗ್ಗೆ ನಾವು ಕೇಳಿರುವುದು ಕಡಿಮೆ. ಅಲ್ಲಿ ನೂರು ವರ್ಷ ದಾಟಿದ ಒಂದು ಕ್ಲಬ್ ಇದೆ. ಹೆಸರು ಪಿ.ಎಸ್.ಎಂ. ಮಕಸ್ಸರ್. ಆ ತಂಡವನ್ನು ಅಭಿಮಾನಿಗಳು ಇಂದಿಗೂ ರಾಮಾಂಗ್‌ನ ಪಡೆ ಎಂದು ಕರೆಯುತ್ತಾರೆ. ರಾಮಾಂಗ್ ಆ ಕ್ಲಬ್ಬಿನ ಸ್ಥಾಪಕರಲ್ಲ, ಅಧ್ಯಕ್ಷರಲ್ಲ, ಹಣ ಹಾಕಿದ ಧನಿಕರೂ ಅಲ್ಲ. ಲಾರಿಯಲ್ಲಿ ಕ್ಲೀನರ್ ಆಗಿ, ಸೈಕಲ್ ರಿಕ್ಷಾ ತುಳಿದು ಹೊಟ್ಟೆ ಹೊರೆದ ಒಬ್ಬ ಆಟಗಾರ. ಅವರ ಬದುಕಿನ ಕಥೆಯನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಊರಿನ ಪರಿಚಯ ಮಾಡಿಕೊಳ್ಳೋಣ. ಭೂಪಟದಲ್ಲಿ ಬೋರ್ನಿಯೋದ ಬಲಗಡೆ ಜೇಡನ ಹಾಗೆ ಕಾಲು ಚಾಚಿಕೊಂಡಿರುವ ದ್ವೀಪವೇ ಸುಲವೇಸಿ. ಅದರ ನೈಋತ್ಯ ತುದಿಯಲ್ಲಿರುವ ಬಂದರು ಪಟ್ಟಣ ಮಕಸ್ಸರ್. ಬುಗಿಸ್ ಮತ್ತು ಮಕಸ್ಸರ್ ಜನಾಂಗದ ಸಮುದ್ರಯಾನಿಗಳ ನಾಡು ಇದು. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಸಿಲೋನಿಗೂ ಬಳಿಕ ದಕ್ಷಿಣ ಆಫ್ರಿಕಾದ ಕೇಪ್‌ಗೂ ಗಡೀಪಾರು ಮಾಡಿದ ಶೇಖ್ ಯೂಸುಫ್ ಈ ಸೀಮೆಯವರೇ. ಇಲ್ಲಿ 1915ರ ನವೆಂಬರ್ 2ರಂದು ಡಚ್ ಹೆಸರಿನಲ್ಲಿ ಒಂದು ಫುಟ್ಬಾಲ್ ಒಕ್ಕೂಟ ಹುಟ್ಟಿಕೊಂಡಿತು. ಮುಂದೆ ಜಪಾನೀಯರು ಬಂದು ಡಚ್ಚರ ಗುರುತುಗಳನ್ನೆಲ್ಲ ಅಳಿಸಿದಾಗ ಒಕ್ಕೂಟದ ಹೆಸರೂ ಇಂಡೋನೇಷ್ಯಾದ ಭಾಷೆಗೆ ತಿರುಗಿತು. ಮಕಸ್ಸರ್ ಫುಟ್ಬಾಲ್ ಸಂಘ ಎಂಬುದೇ ಪಿ.ಎಸ್.ಎಂ. ಅಕ್ಷರಗಳ ಅರ್ಥ.

ಒಕ್ಕೂಟ ಎಂದು ಬೇಕೆಂದೇ ಬರೆದಿದ್ದೇನೆ. ಆ ಕಾಲದಲ್ಲಿ ಇಂಡೋನೇಷ್ಯಾದ ಪ್ರತಿ ನಗರದಲ್ಲೂ ಹಲವು ಸಣ್ಣ ತಂಡಗಳಿರುತ್ತಿದ್ದವು. ಅವೆಲ್ಲ ಸೇರಿದ ಸಂಘವು ಉತ್ತಮ ಆಟಗಾರರನ್ನು ಆರಿಸಿ ನಗರದ ತಂಡವನ್ನು ಕಟ್ಟುತ್ತಿತ್ತು. ನಗರ ನಗರಗಳ ನಡುವೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುತ್ತಿತ್ತು. ಆಟಗಾರರಿಗೆ ಇಂದಿನಂತೆ ಕೋಟಿಗಳ ಕರಾರು ಇರಲಿಲ್ಲ. ಹಗಲು ದುಡಿತ, ಸಂಜೆ ಆಟ. ರಾಮಾಂಗ್ ಅವರ ಬದುಕು ಏಕೆ ಹಾಗಾಯಿತು ಎಂದು ತಿಳಿಯಬೇಕಾದರೆ ಈ ವಿಷಯ ನಿಮ್ಮ ಗಮನದಲ್ಲಿರಲಿ.

ಮಕಸ್ಸರ್‌ನಿಂದ ಕರಾವಳಿಗುಂಟ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಬರ‍್ರು ಎಂಬ ಊರು ಸಿಗುತ್ತದೆ. 1920ರ ದಶಕದಲ್ಲಿ ರಾಮಾಂಗ್ ಹುಟ್ಟಿದ್ದು ಅಲ್ಲಿ. ತಂದೆಯವರು ಸೆಪಕ್ ರಾಗಾ ಆಟದಲ್ಲಿ ಹೆಸರು ಮಾಡಿದವರು. ಈ ಆಟ ನಿಮ್ಮಲ್ಲಿ ಹಲವರಿಗೆ ಹೊಸದಿರಬಹುದು. ಬೆತ್ತದಿಂದ ಹೆಣೆದ ಚೆಂಡನ್ನು ಕೈ ಮುಟ್ಟಿಸದೆ, ನೆಲಕ್ಕೆ ಬೀಳಗೊಡದೆ ಕಾಲು, ಮೊಣಕಾಲು, ಹೆಗಲು, ತಲೆಗಳಿಂದ ಚಿಮ್ಮಿಸುತ್ತಾ ಇರುವುದೇ ಆಟ. ಏಷ್ಯನ್ ಕ್ರೀಡಾಕೂಟದಲ್ಲಿ ಕಾಣುವ ಸೆಪಕ್ ಟಕ್ರಾ ಇದರದೇ ಮುಂದಿನ ರೂಪ. ಹುಡುಗ ರಾಮಾಂಗ್ ಬೆತ್ತದ ಚೆಂಡು ಸಿಗದಾಗ ಬಟ್ಟೆಯ ಉಂಡೆಯನ್ನು, ಅದೂ ಇಲ್ಲದಾಗ ಚಕ್ಕೋತ ಹಣ್ಣನ್ನು ಒದೆಯುತ್ತಾ ಬೆಳೆದರು. ಚೆಂಡು ಗಾಳಿಯಲ್ಲಿರುವಾಗಲೇ ಅದರೊಡನೆ ವ್ಯವಹರಿಸುವ ಅಭ್ಯಾಸ ಅವರಿಗೆ ಬಂದದ್ದು ಹೀಗೆ. ಮುಂದೆ ಬೆನ್ನನ್ನು ನೆಲದ ಕಡೆಗೆ ಮಾಡಿ, ಗಾಳಿಯಲ್ಲಿ ಮಲಗಿದಂತೆ ಹಾರಿ, ತಲೆಯ ಮೇಲಿನಿಂದ ಚೆಂಡನ್ನು ಗೋಲಿಗೆ ಹೊಡೆಯುವ ಅವರ ಪಟ್ಟನ್ನು ಕಂಡು ಜನ ಬೆರಗಾದರು. ಅದನ್ನು ಯಾವ ತರಬೇತುದಾರರೂ ಕಲಿಸಿದ್ದಲ್ಲ.

ಬರ‍್ರು ತಂಡದಲ್ಲಿ ಹೆಸರು ಮಾಡಿದ ಮೇಲೆ 1947ರಲ್ಲಿ ಅವರಿಗೆ ಮಕಸ್ಸರ್ ತಂಡದ ಕರೆ ಬಂತು. 9-0 ಅಂತರದಲ್ಲಿ ಗೆದ್ದ ಒಂದು ಪಂದ್ಯದ 7 ಗೋಲುಗಳು ಅವರವೇ ಆಗಿದ್ದವೆಂದೂ, ಪಟ್ಟಣದವರ ಕಣ್ಣು ಅವರ ಮೇಲೆ ಬಿದ್ದುದು ಅದರಿಂದಲೇ ಎಂದೂ ಅಲ್ಲಿನವರು ಹೇಳುತ್ತಾರೆ. ಅಷ್ಟರಲ್ಲಿ ಅವರು ಹೆಂಡತಿ ಮಕ್ಕಳಿರುವ ಸಂಸಾರಿ. ಪಟ್ಟಣದಲ್ಲಿ ಸ್ವಂತ ಮನೆಯಿಲ್ಲ. ಗೆಳೆಯರೊಬ್ಬರ ಮನೆಯಲ್ಲಿ ಆಶ್ರಯ ಪಡೆದು, ಲಾರಿಯಲ್ಲಿ ಕ್ಲೀನರ್ ಆಗಿ, ಅಲ್ಲಿ ಬೆಚಾ ಎನ್ನುವ ಮೂರು ಚಕ್ರದ ಸೈಕಲ್ ರಿಕ್ಷಾ ತುಳಿದು ದಿನ ಕಳೆದರು. ಸಂಜೆ ಊರಿನ ನಡುವಿನ ಕರೆಬೋಸಿ ಮೈದಾನದಲ್ಲಿ ಆಟ. ಬೆಳಗ್ಗೆ ರಿಕ್ಷಾದಲ್ಲಿ ಕುಳಿತು ಬಾಡಿಗೆಗೆ ಚೌಕಾಸಿ ಮಾಡಿದವರೇ ಸಂಜೆ ಅವರಿಗೆ ಚಪ್ಪಾಳೆ ತಟ್ಟಿರಬಹುದಲ್ಲವೇ? 1950ರ ದಶಕದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ಒಂದು ಸಣ್ಣ ನೌಕರಿ ಸಿಕ್ಕಿತು.

ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದ ಮೇಲೆ ಅವರ ಹೆಸರು ದ್ವೀಪದಿಂದ ದ್ವೀಪಕ್ಕೆ ಹಬ್ಬಿತು. 1953ರಲ್ಲಿ ಇಂಡೋನೇಷ್ಯಾ ತಂಡ ದೂರಪ್ರಾಚ್ಯದ ಪ್ರವಾಸ ಮಾಡಿತು. ಆ ಪ್ರವಾಸದಲ್ಲಿ ತಂಡ ಹೊಡೆದ 25 ಗೋಲುಗಳಲ್ಲಿ 19 ರಾಮಾಂಗ್ ಅವರದು. 1954ರಲ್ಲಿ ಮನಿಲಾದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಹಿಂದಿನ ಕೂಟದ ಚಿನ್ನ ಗೆದ್ದಿದ್ದ ನಮ್ಮ ಭಾರತ ತಂಡವನ್ನು ಇಂಡೋನೇಷ್ಯಾ 4-0 ಗೋಲುಗಳಿಂದ ಸೋಲಿಸಿ ಮನೆಗೆ ಕಳುಹಿಸಿತು. ಆದರೆ ಮೂರನೆಯ ಸ್ಥಾನದ ಪಂದ್ಯದಲ್ಲಿ ಬರ್ಮಾಕ್ಕೆ 4-5ರಿಂದ ಸೋತು ಪದಕ ಕೈತಪ್ಪಿತು.

ಈಗ ಮೆಲ್ಬೋರ್ನ್‌ಗೆ ಬನ್ನಿ. ವರ್ಷ 1956, ಒಲಿಂಪಿಕ್ಸ್. ಇಂಡೋನೇಷ್ಯಾ ಸ್ವತಂತ್ರವಾಗಿ ಇನ್ನೂ ಹನ್ನೊಂದು ವರ್ಷವಷ್ಟೆ. ಮೊದಲ ಸುತ್ತಿನ ಎದುರಾಳಿ ದಕ್ಷಿಣ ವಿಯೆಟ್ನಾಂ ಹಿಂದೆ ಸರಿದುದರಿಂದ ತಂಡ ನೇರವಾಗಿ ಕ್ವಾರ್ಟರ್ ಫೈನಲಿಗೆ ಬಂತು. ಅಲ್ಲಿ ಎದುರಾದದ್ದು ಸೋವಿಯತ್ ಒಕ್ಕೂಟ. ಗೋಲಿನಲ್ಲಿ ನಿಂತವರು ಲೆವ್ ಯಾಶಿನ್! ಫುಟ್ಬಾಲ್ ಬಲ್ಲವರಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ. ಇಂಡೋನೇಷ್ಯಾದ ತರಬೇತುದಾರ ಯುಗೊಸ್ಲಾವಿಯಾದ ಟೋನಿ ಪೊಗಾಚ್ನಿಕ್ ತಮ್ಮ ಆಟಗಾರರ ಮಿತಿಯನ್ನು ಚೆನ್ನಾಗಿ ಬಲ್ಲವರು. ಹೆಚ್ಚಿನವರನ್ನು ಹಿಂದೆ ನಿಲ್ಲಿಸಿ ಗೋಡೆ ಕಟ್ಟಿದರು. ನವೆಂಬರ್ 29ರಂದು ದೈತ್ಯರಂತಿದ್ದ ಸೋವಿಯತ್ ಆಟಗಾರರು ದಾಳಿಯ ಮೇಲೆ ದಾಳಿ ಮಾಡಿದರೂ ಗೋಲು ಬರಲಿಲ್ಲ. ಮುಂದೆ ನಿಂತಿದ್ದ ಕುಳ್ಳಗಿನ ರಾಮಾಂಗ್ ಮಾತ್ರ ಸಿಕ್ಕ ಒಂದೊಂದು ಚೆಂಡನ್ನು ಹಿಡಿದು ಎದುರಾಳಿಗಳ ನಡುವೆ ನುಗ್ಗಿ ಯಾಶಿನ್‌ರನ್ನು ಕಾಡಿದರು. ಪಂದ್ಯ ಮುಗಿಯುತ್ತಾ ಬಂದಾಗ ಅವರಿಗೆ ಗೋಲಿನ ಅವಕಾಶವೇ ಒದಗಿತ್ತು. ಹಿಂದಿನಿಂದ ಯಾರೋ ಅಂಗಿ ಹಿಡಿದೆಳೆದರೆಂಬ ಕಥೆ ಇಂಡೋನೇಷ್ಯಾದಲ್ಲಿ ಮನೆಮಾತು. ಹೆಚ್ಚುವರಿ ಸಮಯ ಮುಗಿದರೂ 0-0.

ಆಗ ಪೆನಾಲ್ಟಿ ಒದೆತಗಳ ಮೂಲಕ ತೀರ್ಮಾನಿಸುವ ಪದ್ಧತಿ ಇರಲಿಲ್ಲ. ಒಂದು ದಿನ ಬಿಟ್ಟು, ಡಿಸೆಂಬರ್ 1ರಂದು ಮತ್ತೆ ಆಡಬೇಕಾಯಿತು. ದಣಿದ ತಂಡ 0-4ರಿಂದ ಸೋತಿತು. ಸೋವಿಯತ್ ತಂಡ ಮುಂದೆ ಚಿನ್ನ ಗೆದ್ದಿತು. ಅದೇ ಡಿಸೆಂಬರ್ 1ರಂದೇ ಬೆಂಗಳೂರಿನ ಕೆಂಪಯ್ಯನವರೂ ಇದ್ದ ಭಾರತ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿ ಸೆಮಿಫೈನಲ್ ತಲುಪಿತೆಂಬುದು ನಮಗೆ ಹೆಮ್ಮೆಯ ವಿಷಯ. ಇಂಡೋನೇಷ್ಯಾದವರು ಮಾತ್ರ ಎರಡನೆಯ ದಿನದ ಸೋಲನ್ನು ಮರೆತು ಮೊದಲ ದಿನದ ಸೊನ್ನೆಯನ್ನು ನೆನಪಿಟ್ಟುಕೊಂಡಿದ್ದಾರೆ. ಅದು ತಪ್ಪೆಂದು ನನಗನಿಸುವುದಿಲ್ಲ.

ಅಂದಿನ ಗೋಲ್‌ಕೀಪರ್ ಮೌಲ್ವಿ ಸೇಲಾನ್ ಕೂಡ ಮಕಸ್ಸರ್‌ನವರೇ. ಇವರು ಮುಂದೆ ಅಧ್ಯಕ್ಷ ಸುಕರ್ಣೊ ಅವರ ಅಂಗರಕ್ಷಕ ಪಡೆಯ ಅಧಿಕಾರಿಯಾಗಿ, ಸುಕರ್ಣೊ ಪತನದ ನಂತರ ವಿಚಾರಣೆಯಿಲ್ಲದೆ ಸೆರೆವಾಸ ಅನುಭವಿಸಿ, ಹೊರಬಂದ ಬಳಿಕ ಜಕಾರ್ತದಲ್ಲಿ ಶಾಲೆಗಳನ್ನು ಕಟ್ಟಿದರು. 2016ರವರೆಗೂ ಬದುಕಿದ್ದರು. ಅವರದು ಬೇರೆಯೇ ಒಂದು ಲೇಖನಕ್ಕೆ ವಸ್ತು.

1957 ರಾಮಾಂಗ್ ಅವರ ಬದುಕಿನ ಉತ್ತುಂಗದ ವರ್ಷ. ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಮೇ 12ರಂದು ಜಕಾರ್ತದಲ್ಲಿ ಚೀನಾವನ್ನು ಇಂಡೋನೇಷ್ಯಾ 2-0ರಿಂದ ಸೋಲಿಸಿತು. ಎರಡೂ ಗೋಲು ಅವರದೇ, ಅದರಲ್ಲೊಂದು ತಲೆಯ ಮೇಲಿನಿಂದ ಹೊಡೆದ ಆ ಪ್ರಸಿದ್ಧ ಒದೆತ. ಬೀಜಿಂಗ್‌ನಲ್ಲಿ 3-4ರಿಂದ ಸೋತು, ರಂಗೂನ್‌ನಲ್ಲಿ 0-0 ಮಾಡಿಕೊಂಡು ಗೋಲುಗಳ ಲೆಕ್ಕದಲ್ಲಿ ತಂಡ ಮುಂದಿನ ಸುತ್ತಿಗೆ ಹೋಯಿತು. ಆದರೆ ಅಲ್ಲಿ ಇಸ್ರೇಲ್ ವಿರುದ್ಧ ಆಡಬೇಕಿತ್ತು. ತಟಸ್ಥ ಸ್ಥಳದಲ್ಲಿ ಆಡಲು ಇಂಡೋನೇಷ್ಯಾ ಕೇಳಿದ ಅನುಮತಿಯನ್ನು ಫಿಫಾ ಕೊಡಲಿಲ್ಲ, ತಂಡ ಹಿಂದೆ ಸರಿಯಿತು. ಬೇರೆ ದೇಶಗಳೂ ಹಾಗೆಯೇ ಮಾಡಿದ್ದರಿಂದ ಕೊನೆಗೆ ವೇಲ್ಸ್ ತಂಡವನ್ನು ಕರೆತಂದು ಇಸ್ರೇಲ್ ವಿರುದ್ಧ ಆಡಿಸಿ, ಗೆದ್ದ ವೇಲ್ಸನ್ನು 1958ರ ವಿಶ್ವಕಪ್ಪಿಗೆ ಕಳುಹಿಸಲಾಯಿತು. ದೇಶಗಳ ತೀರ್ಮಾನಕ್ಕೆ ಅದರದ್ದೇ ಕಾರಣಗಳಿರುತ್ತವೆ. ರಾಮಾಂಗ್ ಅವರಿಗೆ ಮಾತ್ರ ವಿಶ್ವಕಪ್ಪಿನ ಬಾಗಿಲು ಮತ್ತೆ ತೆರೆಯಲಿಲ್ಲ.

ಅದೇ 1957ರಲ್ಲಿ ಮಕಸ್ಸರ್ ತಂಡ ಮೊದಲ ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು, 1959ರಲ್ಲಿ ಮತ್ತೊಮ್ಮೆ. ಅಲ್ಲಿಯವರೆಗೆ ಗೆಲುವು ಎಂದರೆ ಜಾವಾ ದ್ವೀಪದ ನಗರಗಳದು ಎಂಬಂತಿತ್ತು. ಜಾವಾದ ಹೊರಗಿನ ಒಂದು ಊರು ಅದನ್ನು ಕಸಿದುಕೊಂಡಾಗ ಆ ಊರಿನವರಿಗೆ ಹೇಗಾಗಿರಬೇಕೆಂದು ನೀವೇ ಊಹಿಸಿ. ತಂಡಕ್ಕೆ ರಾಮಾಂಗ್ ಹೆಸರು ಅಂಟಿಕೊಂಡದ್ದು ಈ ವರ್ಷಗಳ ನೆನಪಿನಿಂದ. ಗಂಡು ಮಕ್ಕಳಿಗೆ ಆ ಹೆಸರಿಟ್ಟವರೂ ಇದ್ದರಂತೆ.

ಆಮೇಲೆ ಬಿದ್ದ ಪೆಟ್ಟು ದೊಡ್ಡದು. 1960ರ ದಶಕದ ಆರಂಭದಲ್ಲಿ ಲಂಚ ತೆಗೆದುಕೊಂಡ ಆರೋಪ ಹೊರಿಸಿ ರಾಷ್ಟ್ರೀಯ ಒಕ್ಕೂಟವು ಅವರನ್ನು ಅಮಾನತು ಮಾಡಿತು. ಬಳಿಕ ಕರೆ ಬಂತು ನಿಜ, ಆದರೆ ಅಷ್ಟರಲ್ಲಿ ಕಾಲಿನ ವೇಗ ಇಳಿದಿತ್ತು, ಹೊಸಬರು ಬಂದಿದ್ದರು. ಆಟಗಾರನಿಗೆ ಮೂವತ್ತರ ಆಸುಪಾಸಿನ ಎರಡು ವರ್ಷ ಎಂದರೆ ನಮ್ಮ ನಿಮ್ಮ ಹತ್ತು ವರ್ಷಕ್ಕೆ ಸಮ. ಪಿ.ಎಸ್.ಎಂ. 1965 ಮತ್ತು 1966ರಲ್ಲಿ ಮತ್ತೆ ಚಾಂಪಿಯನ್ ಆಯಿತು. ರಾಮಾಂಗ್ 1968ರಲ್ಲಿ ಮೇದಾನ್ ನಗರದಲ್ಲಿ ತಮ್ಮ ತಂಡಕ್ಕಾಗಿ ಕೊನೆಯ ಪಂದ್ಯ ಆಡಿದರು. ಅದರಲ್ಲಿ ತಂಡ ಸೋತಿತು.

ಆಟ ನಿಂತ ಮೇಲೆ ತರಬೇತಿ ಕೊಡುವುದಕ್ಕೆ ಹೋದರು. ಸುಲವೇಸಿಯ ಪಾಲು ನಗರದ ತಂಡವನ್ನು ಅವರು ಎಷ್ಟು ಚೆನ್ನಾಗಿ ಪಳಗಿಸಿದರೆಂದರೆ ಅಲ್ಲಿನ ಜನ ಮೆಚ್ಚಿ ಎರಡು ಹೆಕ್ಟೇರ್ ಲವಂಗದ ತೋಟವನ್ನೇ ಕೊಟ್ಟರು. ಜಾವಾದ ಬ್ಲಿತಾರ್‌ನಲ್ಲೂ ಕೆಲಸ ಮಾಡಿದರು. ಆದರೆ ಕಾಲ ಬದಲಾಗುತ್ತಿತ್ತು. ತರಬೇತುದಾರರಿಗೆ ಪ್ರಮಾಣಪತ್ರ ಬೇಕು ಎಂಬ ನಿಯಮ ಬಂತು. ರಾಮಾಂಗ್ ಅವರ ಬಳಿ ಯಾವ ಕಾಗದವೂ ಇರಲಿಲ್ಲ. ಇದ್ದದ್ದು ಯಾಶಿನ್ ಎದುರು ಆಡಿದ ಅನುಭವ ಮಾತ್ರ. ನಿಧಾನವಾಗಿ ಅವರನ್ನು ಬದಿಗೆ ಸರಿಸಲಾಯಿತು.

ಓದುಗರೇ, ಶಿಕ್ಷಣ ಸಂಸ್ಥೆಯ ಈ ವಾರ್ಷಿಕ ಸಂಚಿಕೆಯಲ್ಲಿ ಪ್ರಮಾಣಪತ್ರದ ವಿರುದ್ಧ ಮಾತಾಡುವುದು ಸರಿಯಲ್ಲವೆಂದು ನೀವು ಹೇಳಬಹುದು. ಕಾಗದ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಮಕ್ಕಳು ಕಾಗದ ಪಡೆಯಲೆಂದೇ ಅಲ್ಲವೇ ನಾವೆಲ್ಲ ಇಷ್ಟು ಓಡಾಡುವುದು. ಆದರೆ ರಾಮಾಂಗ್ ಅವರನ್ನು ಕೆಲವು ತಿಂಗಳು ಒಂದು ತರಬೇತಿ ಶಿಬಿರದಲ್ಲಿ ಕೂರಿಸಿ ಆ ಕಾಗದವನ್ನು ಕೊಡಿಸುವ ಯೋಚನೆ ಯಾರಿಗೂ ಬರಲಿಲ್ಲವೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಅವರ ಹೆಸರಿನಿಂದ ಕ್ರೀಡಾಂಗಣ ತುಂಬಿಸಿಕೊಂಡವರು ಅಷ್ಟು ಮಂದಿ ಇದ್ದರಲ್ಲ.

1981ರಲ್ಲಿ ಒಂದು ಸಂಜೆ ಮಳೆಯಲ್ಲಿ ನೆನೆಯುತ್ತಲೇ ಹುಡುಗರಿಗೆ ತರಬೇತಿ ಕೊಟ್ಟು ಮನೆಗೆ ಬಂದವರು ಕಾಯಿಲೆ ಬಿದ್ದರು. ಶ್ವಾಸಕೋಶದ ರೋಗ. ಆಸ್ಪತ್ರೆಯಲ್ಲಿ ಸರಿಯಾದ ಚಿಕಿತ್ಸೆ ಪಡೆಯಲು ಹಣವಿರಲಿಲ್ಲ. ಆರು ವರ್ಷ ಹಾಗೆಯೇ ನರಳಿದರು. ಮಕ್ಕಳು, ಸೊಸೆ, ಅಳಿಯ, ಮೊಮ್ಮಕ್ಕಳು ಎಂದು ತುಂಬಿ ತುಳುಕುತ್ತಿದ್ದ ಒಂದು ಸಣ್ಣ ಮನೆ. ಮಗನೊಬ್ಬರು ಕೂಡ ತಂದೆಯಂತೆ ಪಿ.ಎಸ್.ಎಂ. ತಂಡಕ್ಕೆ ಆಡಿದವರು. 1987ರ ಸೆಪ್ಟೆಂಬರ್ 26ರಂದು ರಾಮಾಂಗ್ ಆ ಮನೆಯಲ್ಲೇ ತೀರಿಕೊಂಡರು. ಊರಿಗೆ ಆಗ ಮಕಸ್ಸರ್ ಎಂಬ ಹೆಸರೂ ಇರಲಿಲ್ಲ. 1971ರಿಂದ 1999ರವರೆಗೆ ಅದು ಅಧಿಕೃತವಾಗಿ ಉಜುಂಗ್ ಪಾಂಡಾಂಗ್.

ಸತ್ತ ಮೇಲೆ ಗೌರವಗಳು ಒಂದೊಂದಾಗಿ ಬಂದವು. ಕರೆಬೋಸಿ ಮೈದಾನದ ದ್ವಾರದಲ್ಲಿ ಅವರ ಪ್ರತಿಮೆ ನಿಂತಿತು. 2012ರಲ್ಲಿ, ಅವರು ತೀರಿಕೊಂಡು 25 ವರ್ಷವಾದಾಗ, ಫಿಫಾ ಸಂಸ್ಥೆಯೇ ಅವರ ನೆನಪಿನ ಲೇಖನ ಪ್ರಕಟಿಸಿತು. ಅದು ಎಷ್ಟೋ ಇಂಡೋನೇಷ್ಯಾದ ಯುವಕರಿಗೆ ರಾಮಾಂಗ್ ಯಾರೆಂದು ಮೊದಲ ಬಾರಿ ತಿಳಿಸಿತೆಂದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಕ್ಲಬ್ ಬದುಕಿಕೊಂಡಿತು. 1992ರಲ್ಲಿ ಐದನೆಯ ಸಲ ಹಳೆಯ ಚಾಂಪಿಯನ್‌ಶಿಪ್ ಗೆದ್ದಿತು. 2000ದಲ್ಲಿ ಹೊಸ ಲೀಗ್‌ನ ಪ್ರಶಸ್ತಿ. ಆಮೇಲೆ ಇಪ್ಪತ್ತಮೂರು ವರ್ಷಗಳ ಕಾಯುವಿಕೆ. 1957ರಿಂದ ತಂಡದ ಮನೆಯಂತಿದ್ದ ಮಟ್ಟೊಆಂಗಿನ್ ಕ್ರೀಡಾಂಗಣವನ್ನು ಹೊಸದು ಕಟ್ಟುವುದಾಗಿ ಹೇಳಿ 2020ರಲ್ಲಿ ಕೆಡವಿದರು. ತವರಿನಲ್ಲಿ ಮೈದಾನವಿಲ್ಲದ ತಂಡ 2022ರಲ್ಲಿ ಸುಮಾರು 150 ಕಿಲೋಮೀಟರ್ ದೂರದ ಪರೆಪರೆ ಪಟ್ಟಣಕ್ಕೆ ಹೋಗಿ ಅದನ್ನೇ ತವರೆಂದುಕೊಂಡು ಆಡತೊಡಗಿತು. ಹಾಗೆ ಆಡಿ 2022-23ರ ಲೀಗನ್ನು ಗೆದ್ದೂಬಿಟ್ಟಿತು.

ಮಕಸ್ಸರ್‌ನಿಂದ ಪರೆಪರೆಗೆ ಹೋಗುವ ಕರಾವಳಿಯ ಹೆದ್ದಾರಿ ಬರ‍್ರು ಊರನ್ನು ಹಾದೇ ಹೋಗುತ್ತದೆ. ಆ ವರ್ಷ ಬಸ್ಸು ಲಾರಿಗಳಲ್ಲಿ, ಬೈಕುಗಳಲ್ಲಿ ಕೆಂಪು ಬಾವುಟ ಹಿಡಿದು ತಂಡದ ಹಿಂದೆ ಹೋದ ಅಭಿಮಾನಿಗಳು, ರಾಮಾಂಗ್ ಚಕ್ಕೋತ ಹಣ್ಣು ಒದ್ದು ಬೆಳೆದ ಊರನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಿದರು.