ಶ್ರೀಮತಿ ಕಿಟ್ಟಿ ಗಾಡ್‌ಫ್ರೀ

ಸಾಯಂಕಾಲದ ಗಂಟೆ ಬಾರಿಸಿದ ಮೇಲೆ ಶಾಲೆಯ ಅಂಗಳದಲ್ಲಿ ಬಲೆ ಕಟ್ಟಿ ಶಟಲ್ ಆಡಿದ ದಿನಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಎಂಟನೆಯ ತರಗತಿಯಲ್ಲಿ ಚೆನ್ನಾಗಿ ಆಡುತ್ತಿದ್ದ ಹುಡುಗಿಯರಲ್ಲಿ ಅನೇಕರು ಹತ್ತನೆಯದಕ್ಕೆ ಬರುವಷ್ಟರಲ್ಲಿ ಅಂಗಳದಿಂದ ಮರೆಯಾಗುವುದನ್ನು ನಾವು ವರ್ಷ ವರ್ಷವೂ ಕಾಣುತ್ತಿದ್ದೇವೆ. ಓದಿಗೆ ಹೊತ್ತು ಸಾಲದೆಂದೂ, ಮಗಳು ದೊಡ್ಡವಳಾದಳೆಂದೂ ಹೆತ್ತವರು ಕಾರಣ ಹೇಳುವರು. ಅವರೊಡನೆ ವಾದಿಸುವುದಕ್ಕಿಂತ, ಆಟವನ್ನು ಬಿಡದೆ ಬೆಳೆದ ಒಬ್ಬ ಹೆಣ್ಣುಮಗಳ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಬರೆಯುವುದು ಲೇಸೆಂದು ನಮಗೆ ತೋರಿತು.

ಬ್ಯಾಡ್ಮಿಂಟನ್ ಆಟಕ್ಕೆ ಹೆಸರು ಬಂದುದು ಇಂಗ್ಲೆಂಡಿನ ಬ್ಯೂಫರ್ಟ್ ಡ್ಯೂಕನ ಬ್ಯಾಡ್ಮಿಂಟನ್ ಎಂಬ ಅರಮನೆಯಿಂದ. ಅದಕ್ಕೆ ನಿಯಮಗಳನ್ನು ಬರೆದಿಟ್ಟುದಾದರೋ 1870ರ ದಶಕದಲ್ಲಿ ನಮ್ಮ ಪುಣೆಯಲ್ಲಿದ್ದ ಇಂಗ್ಲಿಷರ ದಂಡಿನ ಬೀಡಿನಲ್ಲಿ. ಇಂಗ್ಲೆಂಡಿನಲ್ಲಿ 1893ರಲ್ಲಿ ಬ್ಯಾಡ್ಮಿಂಟನ್ ಸಂಘವು ಏರ್ಪಟ್ಟು, 1899ರಲ್ಲಿ ಆಲ್ ಇಂಗ್ಲೆಂಡ್ ಪಂದ್ಯಗಳು ಮೊದಲಾದುವು. ಆ ಮೊದಲನೆಯ ವರ್ಷದಿಂದಲೇ ಸ್ತ್ರೀಯರ ಜೋಡಿ ಆಟವೂ ಅದರಲ್ಲಿ ಸೇರಿತ್ತೆಂಬುದು ಗಮನಿಸತಕ್ಕ ವಿಷಯ. ಮರುವರ್ಷ ಒಂಟಿ ಆಟದ ಪಂದ್ಯವು ಸೇರಿದಾಗ ಸ್ತ್ರೀಯರಲ್ಲಿ ಗೆದ್ದವಳು ಎಥೆಲ್ ಥಾಮ್ಸನ್. ಈಕೆ ವಿವಾಹಾನಂತರ ಲಾರ್ಕೋಂಬ್ ಎಂಬ ಹೆಸರಿನಿಂದ 1912ರಲ್ಲಿ ವಿಂಬಲ್ಡನ್ನಿನ ಟೆನ್ನಿಸ್ ಪಂದ್ಯವನ್ನೂ ಗೆದ್ದಳು. ನೆಲ ಮುಟ್ಟುವ ಉಡುಪಿನಲ್ಲಿ ಆ ಕಾಲದ ಸ್ತ್ರೀಯರು ಹೇಗೆ ಓಡಿ ಆಡಿದರೋ, ನೆನೆದರೆ ಸೋಜಿಗವಾಗುತ್ತದೆ.

ನಮ್ಮ ಕಥಾನಾಯಿಕೆಯಾದ ಕ್ಯಾಥ್ಲೀನ್ ಮೆಕೇನ್ 1896ನೆಯ ಮೇ 7ರಂದು ಲಂಡನ್ ನಗರದ ಬೇಸ್‌ವಾಟರಿನಲ್ಲಿ ಜನಿಸಿದಳು. ಎಲ್ಲರೂ ಆಕೆಯನ್ನು ಕಿಟ್ಟಿ ಎಂದು ಕರೆದರು. ತಾಯ್ತಂದೆಗಳು ಮಕ್ಕಳನ್ನು ಮನೆಯೊಳಗೆ ಕೂಡಿಹಾಕುವವರಲ್ಲ. ಆಕೆ ಇನ್ನೂ ಚಿಕ್ಕವಳಾಗಿರುವಾಗಲೇ ಇಡೀ ಸಂಸಾರವು ಸೈಕಲ್ಲಿನ ಮೇಲೆ ಲಂಡನ್ನಿನಿಂದ ಬರ್ಲಿನ್ನಿನವರೆಗೆ ಪ್ರಯಾಣ ಮಾಡಿತು! ಸ್ಕಾಟ್ಲೆಂಡಿನ ಸೇಂಟ್ ಲೆನರ್ಡ್ಸ್ ಬಾಲಿಕಾ ಶಾಲೆಯಲ್ಲಿ ಆಕೆಯ ವಿದ್ಯಾಭ್ಯಾಸವಾಯಿತು. ಅಲ್ಲಿ ಓದಿನೊಂದಿಗೆ ಆಟಕ್ಕೂ ಸ್ಥಾನವಿತ್ತು.

ಅಷ್ಟರಲ್ಲಿ ಮಹಾಯುದ್ಧವು ಬಂದಿತು. 1915ರಿಂದ 1919ರವರೆಗೆ ಆಲ್ ಇಂಗ್ಲೆಂಡ್ ಪಂದ್ಯಗಳೇ ನಡೆಯಲಿಲ್ಲ. ಆಟಗಾರರ ವಯಸ್ಸು ಯುದ್ಧ ಮುಗಿಯಲೆಂದು ಕಾಯುವುದಿಲ್ಲವಷ್ಟೆ. ಆದರೂ 1920ರಲ್ಲಿ ಪಂದ್ಯಗಳು ಮರಳಿ ಆರಂಭವಾದ ಕೂಡಲೆ ಇಪ್ಪತ್ತಮೂರು ವರ್ಷದ ಕಿಟ್ಟಿಯು ಸ್ತ್ರೀಯರ ಒಂಟಿ ಆಟದಲ್ಲಿ ಜಯಶಾಲಿನಿಯಾದಳು. 1921, 1922 ಮತ್ತು 1924ರಲ್ಲಿಯೂ ಅದೇ ಪದವಿ ಆಕೆಗೆ ದೊರೆಯಿತು. ಸಹೋದರಿ ಮಾರ್ಗರೆಟ್ಟಳೊಡನೆ ಎರಡು ಸಲ ಜೋಡಿ ಆಟವನ್ನೂ, ಐರ್ಲೆಂಡಿನ ಫ್ರಾಂಕ್ ಡೆವ್ಲಿನ್ನನೊಡನೆ ಎರಡು ಸಲ ಮಿಶ್ರ ಜೋಡಿ ಆಟವನ್ನೂ ಗೆದ್ದಳು. 1925ರಲ್ಲಿ ಒಂಟಿ ಆಟದ ಪದವಿಯು ಮಾರ್ಗರೆಟ್ಟಳಿಗೇ ಹೋಯಿತು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು ಹೀಗೆ ಬೆಳಗಿದುದಕ್ಕೆ ಆ ಮನೆಯ ಹಿರಿಯರಿಗೂ ಗೌರವ ಸಲ್ಲಬೇಕು.

ಚಳಿಗಾಲದಲ್ಲಿ ಛಾವಣಿಯ ಕೆಳಗೆ ಬ್ಯಾಡ್ಮಿಂಟನ್, ಬೇಸಿಗೆಯಲ್ಲಿ ಹುಲ್ಲಿನ ಮೇಲೆ ಟೆನ್ನಿಸ್, ಇದು ಆಕೆಯ ಕ್ರಮ. ಗರಿಯ ಶಟಲ್ ನೆಲಕ್ಕೆ ಬೀಳುವ ಮೊದಲೇ ಹೊಡೆಯಬೇಕಾದುದರಿಂದ ಬಲೆಯ ಬಳಿ ನಿಂತು ಚೆಂಡನ್ನು ಗಾಳಿಯಲ್ಲಿಯೇ ತಡೆದು ಹೊಡೆಯುವ ಚಾತುರ್ಯವು ಆಕೆಗೆ ಕೈವಶವಾಗಿತ್ತೆಂದು ನಾವು ತಿಳಿಯುತ್ತೇವೆ. 1924ರ ವಿಂಬಲ್ಡನ್ನಿನಲ್ಲಿ ಪ್ರಖ್ಯಾತಳಾದ ಸುಜಾನ್ ಲೆಂಗ್ಲೆನ್ ಅಸ್ವಸ್ಥತೆಯಿಂದ ಹಿಂದೆಗೆದುದರಿಂದ ಕಿಟ್ಟಿಯು ಆಡದೆಯೇ ಕೊನೆಯ ಪಂದ್ಯಕ್ಕೆ ಬಂದಳು. ಇದನ್ನು ಮುಚ್ಚಿಡಬೇಕಾಗಿಲ್ಲ. ಎದುರಿಗೆ ನಿಂತವಳು ಅಮೇರಿಕದ ಹದಿನೆಂಟು ವರ್ಷದ ಹೆಲೆನ್ ವಿಲ್ಸ್. ಆಕೆ ಮೊದಲನೆಯ ಸೆಟ್ಟನ್ನು 6-4ರಿಂದ ಗೆದ್ದು, ಎರಡನೆಯದರಲ್ಲಿ 4-1ರಿಂದ ಮುಂದಿದ್ದಳು. ಐದನೆಯ ಗೇಮಿಗೆ ಒಂದೇ ಅಂಕ ಬೇಕಾಗಿದ್ದಾಗಲೂ ಕಿಟ್ಟಿಯು ಎದೆಗುಂದಲಿಲ್ಲ. ಬಲೆಯತ್ತ ಮುನ್ನುಗ್ಗಿ ಆಡಿ ಉಳಿದೆರಡು ಸೆಟ್ಟುಗಳನ್ನು 6-4, 6-4ರಿಂದ ತನ್ನದಾಗಿಸಿಕೊಂಡಳು. ಹೆಲೆನ್ ವಿಲ್ಸ್ ಮುಂದೆ ವಿಂಬಲ್ಡನ್ನನ್ನು ಎಂಟು ಸಲ ಗೆದ್ದಳು. ಅಲ್ಲಿ ಒಂಟಿ ಆಟದಲ್ಲಿ ಆಕೆ ಸೋತುದು ಅದೊಂದೇ ಸಲ.

1926ರ ಜನವರಿಯಲ್ಲಿ ದಕ್ಷಿಣ ಆಫ್ರಿಕದ ಕಿಂಬರ್ಲಿಯಲ್ಲಿ ಟೆನ್ನಿಸ್ ಆಟಗಾರನಾದ ಲೆಸ್ಲಿ ಗಾಡ್‌ಫ್ರೀಯೊಡನೆ ಆಕೆಯ ವಿವಾಹವಾಯಿತು. ಮದುವೆಯಿಂದ ಆಟ ನಿಲ್ಲುವುದೆಂದು ನಂಬಿದವರು ಅದೇ ವರ್ಷದ ಬೇಸಿಗೆಯನ್ನು ಕಾಣಬೇಕಾಗಿತ್ತು. ಸ್ಪೇನಿನ ಲಿಲಿ ದೆ ಆಲ್ವರೇಸಳನ್ನು ಜಯಿಸಿ ಆಕೆ ಎರಡನೆಯ ಸಲ ವಿಂಬಲ್ಡನ್ನಿನ ರಾಣಿಯಾದಳು. ಪತಿಯ ಜೊತೆಗೂಡಿ ಮಿಶ್ರ ಜೋಡಿ ಆಟವನ್ನೂ ಗೆದ್ದಳು. ಅಲ್ಲಿ ಆ ಪಂದ್ಯವನ್ನು ಗೆದ್ದ ಬೇರೆ ದಂಪತಿಗಳಿಲ್ಲ. ತರುವಾಯ ಇಬ್ಬರು ಗಂಡುಮಕ್ಕಳ ತಾಯಿಯಾದಳು.

1920ರ ಆಂಟ್‌ವರ್ಪ್ ಮತ್ತು 1924ರ ಪ್ಯಾರಿಸ್ ಒಲಿಂಪಿಕ್ ಕೂಟಗಳಲ್ಲಿ ಆಕೆಗೆ ಒಂದು ಚಿನ್ನ, ಎರಡು ಬೆಳ್ಳಿ, ಎರಡು ಕಂಚು, ಹೀಗೆ ಐದು ಪದಕಗಳು ದೊರೆತುವು. ಎಲ್ಲವೂ ಟೆನ್ನಿಸಿನಲ್ಲಿ ಬಂದವು. ಬ್ಯಾಡ್ಮಿಂಟನ್ನಿಗೆ ಆ ಕೂಟದಲ್ಲಿ ಇನ್ನೂ ಸ್ಥಳವಿರಲಿಲ್ಲ. ಆಲ್ ಇಂಗ್ಲೆಂಡ್ ಪದವಿಯನ್ನು 1980ರಲ್ಲಿ ನಮ್ಮ ಕನ್ನಡಿಗರಾದ ಪ್ರಕಾಶ್ ಪಡುಕೋಣೆಯವರು ಗೆದ್ದಾಗ ಕಿಟ್ಟಿ ಗಾಡ್‌ಫ್ರೀ ಎಂಬತ್ತಮೂರು ವರ್ಷದ ವೃದ್ಧೆ. 1992ನೆಯ ಜೂನ್ 19ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ, ಆಕೆ ಕಾಲವಾದಳು. ಮರುತಿಂಗಳು ಬಾರ್ಸಿಲೋನಾದಲ್ಲಿ ಆರಂಭವಾದ ಒಲಿಂಪಿಕ್ ಕೂಟದಲ್ಲಿ ಬ್ಯಾಡ್ಮಿಂಟನ್ನಿಗೆ ಮೊದಲ ಬಾರಿಗೆ ಪದಕಗಳನ್ನು ಕೊಟ್ಟರು. ಸ್ತ್ರೀಯರ ಒಂಟಿ ಆಟದ ಚಿನ್ನವು ಇಂಡೊನೇಷ್ಯದ ಸುಸಿ ಸುಸಂತಿಗೆ ಸಂದಿತು.